ಮೂರು ಸಲ ಕೇಳುತ್ತಿದ್ದವರು

ಇವತ್ತು ಶನಿವಾರ. ಬೆಳಿಗ್ಗೆ ಎದ್ದು ಎರಡು ಮೆಷಿನ್ ಬಟ್ಟೆ ಒಗೆದೆ. ಬಿಸಿಲಿತ್ತು, ಆದರೆ ಇಲ್ಲಿನ ಬಿಸಿಲನ್ನು ನಂಬುವಂತಿಲ್ಲವೆಂದು ಹೊದಿಕೆಗಳನ್ನು ಮೊದಲು ಹರವಿದೆ. ಮಗನ ಫುಟ್‌ಬಾಲ್ ಬೂಟಿಗೆ ಹತ್ತಿದ್ದ ಮಣ್ಣು ಕೆರೆದು ಒಣಗಲಿಟ್ಟೆ. ನಮ್ಮ ಬಡಾವಣೆ ಪಾಪಟೋಟೊಯಿಯ ದೊಡ್ಡ ರಸ್ತೆಗೆ ಹೋಗಿ ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ, ಒಂದು ದೊಡ್ಡ ಬ್ರೆಡ್ ತಂದೆ. ಸಣ್ಣ ಕೋಣೆಯ ಮಂಚಕ್ಕೆ ಹಾಸಿಗೆ ಹಾಸಿದೆ. ಚಟ್ನಿ ರುಬ್ಬಿದೆ. ಆಮೇಲೆ ಕಪಾಟಿನ ಮೇಲಿಂದ ಕಪ್ಪು ಕೈಚೀಲ ಇಳಿಸಿ, ಧೂಳು ಒರೆಸಿ, ಮತ್ತೆ ಅಲ್ಲೇ ಇಟ್ಟೆ.

ಆ ಕೈಚೀಲದ ಕೊಂಡಿ ಎಂದೋ ಮುರಿದಿದೆ. ಸೊಪ್ಪಿನ ಕಟ್ಟಿಗೆ ಸುತ್ತಿ ಬರುತ್ತದಲ್ಲ, ಅಂಥ ಅಗಲವಾದ ನೀಲಿ ರಬ್ಬರ್ ಬ್ಯಾಂಡು ಅದರ ಬಾಯಿಗಿದೆ. ಹಿಡಿಯ ಒಂದು ಬದಿಯಲ್ಲಿ ಚರ್ಮ ಸವೆದು ಒಳಗಿನ ಬಟ್ಟೆ ಕಾಣುತ್ತದೆ. ಅದನ್ನು ಹಿಡಿದಿದ್ದ ಕೈ ಸಣ್ಣದು, ಬೆರಳ ಗೆಣ್ಣುಗಳು ದಪ್ಪ. ಬೆಣ್ಣೆ ಸವರುವಾಗ ಆ ಕೈ ಬ್ರೆಡ್ಡಿನ ನಾಲ್ಕು ಮೂಲೆಗೂ ಹೋಗುತ್ತಿತ್ತು. "ಮೂಲೆ ಒಣಗಿದ್ರೆ ಅದು ಸ್ಯಾಂಡ್‌ವಿಚ್ ಅಲ್ಲ ಕಣಮ್ಮ, ಸ್ಪಾಂಜು," ಎನ್ನುತ್ತಿದ್ದರು ಡೇರಿ ಆಂಟಿ.

ಇಲ್ಲಿ ಡೇರಿ ಎಂದರೆ ಮೂಲೆಯಂಗಡಿ. ಹಾಲು, ಪೇಪರು, ಫೋನ್ ಕಾರ್ಡು, ಮಕ್ಕಳ ಮಿಠಾಯಿ ಎಲ್ಲ ಸಿಗುವ ಜಾಗ. ಆಂಟಿ ಮತ್ತು ಅವರ ಯಜಮಾನರು ಇಪ್ಪತ್ತೆರಡು ವರ್ಷ ನಮ್ಮ ಬೀದಿಯ ಮೂಲೆಯಲ್ಲಿ ಡೇರಿ ನಡೆಸಿದವರು. ನಾನು ಊರಿಗೆ ಫೋನು ಮಾಡಿ ಪಕ್ಕದ ಮನೆಯವರು ಡೇರಿಯವರು ಎಂದಾಗ ಅಮ್ಮ, "ಈ ವಯಸ್ಸಲ್ಲಿ ಎಷ್ಟು ಹಸು ಕಟ್ಕೊಂಡಿದಾರೆ ಪಾಪ?" ಎಂದಿದ್ದರು. ನಾವು ಬರುವ ಹೊತ್ತಿಗೆ ಯಜಮಾನರು ತೀರಿಕೊಂಡಿದ್ದರು, ಅಂಗಡಿ ಕೈಬದಲಾಗಿತ್ತು. ಹೆಸರು ಮಾತ್ರ ಉಳಿದಿತ್ತು.

ಆಂಟಿ ಮೈಸೂರಿನ ಕ್ಯಾಥೊಲಿಕ್ ಮನೆತನದವರು. ಮದುವೆಯಾದ ಹೊಸತರಲ್ಲೇ ಈ ದೇಶಕ್ಕೆ ಬಂದವರು. ಕನ್ನಡ ಮಾತ್ರ ಆಗಿನದೇ, ಮಡಿಸಿಟ್ಟ ಹಾಗೆ ಹೊಸದಾಗಿತ್ತು. ಬೇಲಿಯಾಚೆಯಿಂದ ನನ್ನನ್ನು ಮೊದಲ ಸಲ ಮಾತಾಡಿಸಿದ್ದು ಹೀಗೆ:

"ಕಾಫಿ ಕುಡೀತೀಯಾ?"

"ಬೇಡ ಆಂಟಿ."

"ಕುಡೀತೀಯಾ?"

"ಅಯ್ಯೋ, ಈಗಷ್ಟೇ ಆಯ್ತು."

"ಕುಡೀತೀಯೋ ಇಲ್ವೋ?"

"ಅರ್ಧ ಲೋಟ ಕೊಡಿ."

ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ. "ಈ ದೇಶದೋರಿಗೆ ಇದು ಗೊತ್ತೇ ಆಗಲ್ಲ ನೋಡು. ಒಂದು ಸಲ ಕೇಳ್ತಾರೆ. ಬೇಡ ಅಂದ್ರೆ ಕೆಟಲ್ ಆರಿಸಿ ಕೂತುಬಿಡ್ತಾರೆ. ನಾನು ಬಂದ ಹೊಸದ್ರಲ್ಲಿ ಎರಡು ವರ್ಷ ಯಾರ ಮನೇಲೂ ಕಾಫಿ ಕುಡಿದಿಲ್ಲ!" ಮೊದಲು ಬೇಡ ಎನ್ನುವುದು, ಇನ್ನೊಮ್ಮೆ ಕೇಳಲೆಂದು ಕಾಯುವುದು ನಮ್ಮ ಕಡೆಯವರ ಚಾಳಿ. ಆಂಟಿ ಅದನ್ನು ಮರೆತಿರಲಿಲ್ಲ. ಯಾರಿಗಾದರೂ ಸರಿ, ಏನಾದರೂ ಸರಿ, ಮೂರು ಸಲ ಕೇಳುತ್ತಿದ್ದರು.

ಅವರಿಗೊಬ್ಬಳು ಮಗಳು. ಡೌನ್ ಸಿಂಡ್ರೋಮ್ ಇರುವವಳು. ಆಗ ಅವಳಿಗೆ ಮೂವತ್ತು ದಾಟಿತ್ತು. ಹುಟ್ಟಿದ ದಿನ ಡಾಕ್ಟರು, ಇಂಥ ಮಕ್ಕಳನ್ನು ನೋಡಿಕೊಳ್ಳುವ ದೊಡ್ಡ ಆಸ್ಪತ್ರೆಯಿದೆ, ಅಲ್ಲಿ ಬಿಟ್ಟು ಮನೆಗೆ ಹೋಗಿ ಇನ್ನೊಂದು ಮಗು ಮಾಡಿಕೊಳ್ಳಿ ಎಂದಿದ್ದರಂತೆ. "ಅವನೂ ಒಂದೇ ಸಲ ಕೇಳಿದ್ದು ಕಣೆ. ಬೇಡ ಅಂದೆ. ಸರಿ ಅಂತ ಪೆನ್ನು ಜೇಬಿಗಿಟ್ಟ," ಎಂದು ಆಂಟಿ ಹೇಳುತ್ತಿದ್ದರು. ಮಗಳು ಏರ್‌ಪೋರ್ಟಿನ ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ವಿಮಾನದ ಊಟದ ಚಮಚ, ಫೋರ್ಕುಗಳನ್ನು ಕಾಗದದ ಕರವಸ್ತ್ರದಲ್ಲಿ ಸುತ್ತುವ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲೂ ಕೈ ಸುಮ್ಮನಿರುತ್ತಿರಲಿಲ್ಲ. ಅವರ ಮೇಜಿನ ಮೇಲೆ ಯಾವಾಗಲೂ ನಾಲ್ಕಾರು ಸುರುಳಿ ಇರುತ್ತಿದ್ದವು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ. ನನ್ನನ್ನು ಮಾತ್ರ "ಅಕ್ಕ" ಎನ್ನುತ್ತಿದ್ದಳು.

ಆಂಟಿಗೆ ರಾಜಕೀಯದ ಹುಚ್ಚು. ಇಲ್ಲಿನ ಬಲಪಂಥದ ಪಕ್ಷವೊಂದರ ನಮ್ಮ ಬಡಾವಣೆಯ ಶಾಖೆಗೆ ಅವರೇ ಕಾರ್ಯದರ್ಶಿ. "ಅಂಗಡಿ ನಡೆಸಿದೋಳು ನಾನು. ಸರ್ಕಾರ ಬಾಗಿಲ ತನಕ ಬರಲಿ, ಒಳಗೆ ಬರಬಾರದು," ಎನ್ನುವುದು ಅವರ ಸಿದ್ಧಾಂತ. ತಿಂಗಳ ಮೂರನೇ ಬುಧವಾರ ಸಭೆ ಅವರ ಮನೆಯ ಮುಂಗೋಣೆಯಲ್ಲೇ. ಹನ್ನೆರಡು ಹದಿನೈದು ಜನ ಬರುತ್ತಿದ್ದರು, ಹೆಚ್ಚಿನವರು ನರೆತ ಬಿಳಿಯರು. ಅವರಿಗೆಲ್ಲ ಆಂಟಿಯ ಹಸಿರು ಚಟ್ನಿ ಸ್ಯಾಂಡ್‌ವಿಚ್ ಅಭ್ಯಾಸವಾಗಿತ್ತು. ನಾನು ಅಡುಗೆಮನೆಯಲ್ಲಿ ಬ್ರೆಡ್ಡಿನ ಅಂಚು ಕತ್ತರಿಸಿಕೊಡುತ್ತಿದ್ದೆ. ತಟ್ಟೆ ದಾಟಿಸುವ ಕಿಟಕಿಯಿಂದ ಮಾತೆಲ್ಲ ಕೇಳುತ್ತಿತ್ತು.

ಆ ಮುಂಗೋಣೆಯಲ್ಲಿ ಎರಡು ಬಣಗಳಿದ್ದವು. ಆಂಟಿ ಒಂದಕ್ಕೆ ಪ್ರಾರ್ಥನೆಯವರು, ಇನ್ನೊಂದಕ್ಕೆ ವ್ಯಾಪಾರದವರು ಎಂದು ಹೆಸರಿಟ್ಟಿದ್ದರು. ತೆರಿಗೆ ಇಳಿಸಬೇಕು ಎಂದಾಗ ಎಲ್ಲರೂ ತಲೆಯಾಡಿಸುತ್ತಿದ್ದರು. ಗರ್ಭಪಾತದ ಮಾತು ಬಂದರೆ ಕುರ್ಚಿಗಳೇ ಎರಡು ಪಾಲಾಗುತ್ತಿದ್ದವು. ಪ್ರಾರ್ಥನೆಯವರಿಗೆ ಅದು ಕೊಲೆ, ಕಾನೂನು ಬಿಗಿಯಾಗಬೇಕು. ವ್ಯಾಪಾರದವರಿಗೆ ಅದು ಅವರವರ ಮನೆಯ ವಿಷಯ, ಸರ್ಕಾರಕ್ಕೆ ಅಲ್ಲಿ ಕೆಲಸವಿಲ್ಲ. ಆಂಟಿ ಪ್ರತಿ ಭಾನುವಾರ ಚರ್ಚಿಗೆ ಹೋಗುವವರು, ಸರ್ಕಾರವನ್ನು ಬಾಗಿಲಲ್ಲೇ ನಿಲ್ಲಿಸುವವರು. ಎರಡು ಬಣವೂ ಅವರನ್ನು ತಮ್ಮವರೆಂದೇ ತಿಳಿದಿತ್ತು.

ಒಂದು ಚುನಾವಣೆಯ ವರ್ಷ ನಾನು ಮತ್ತೆ ಬಸುರಿಯಾದೆ. ನನಗೆ ಮೂವತ್ತೊಂಬತ್ತು, ಮಗನಿಗೆ ಒಂಬತ್ತು. ನಮ್ಮ ಯಜಮಾನರು ವೆಲಿಂಗ್ಟನ್ನಿನಲ್ಲಿ ಕೆಲಸ ಹಿಡಿದು ಶುಕ್ರವಾರ ಬಂದು ಭಾನುವಾರ ಹೋಗುತ್ತಿದ್ದರು. ಐದು ತಿಂಗಳು ತುಂಬುವ ತನಕ ಯಾರಿಗೂ ಬಾಯಿ ಬಿಡಬೇಡ ಎಂದು ಅಮ್ಮ ಫೋನಿನಲ್ಲಿ ಹೇಳಿದ್ದರು. ಬಿಡಲಿಲ್ಲ. ಇಲ್ಲಿ ಬಸುರಿಯರನ್ನು ನೋಡಿಕೊಳ್ಳುವವರು ಮಿಡ್‌ವೈಫ್. ಒಳ್ಳೆಯ ಹೆಂಗಸು. ಮಗುವಿಗೆ ತೊಂದರೆಯಿದೆಯೇ ಎಂದು ನೋಡುವ ಪರೀಕ್ಷೆ ಬೇಕೇ ಎಂದು ಕೇಳಿದಾಗ ನಾನು ಆಗಲಿ ಎಂದೆ. ತೂಕ ನೋಡಿದ ಹಾಗೆ, ರಕ್ತದೊತ್ತಡ ನೋಡಿದ ಹಾಗೆ ಅದೂ ಒಂದು ಎಂದುಕೊಂಡೆ. ನಮ್ಮೂರಲ್ಲಿ ಡಾಕ್ಟರು, ಪರೀಕ್ಷೆ ಬೇಕೇ ಎಂದರೆ ಅದು ಪ್ರಶ್ನೆಯಲ್ಲ. ಇಲ್ಲಿ ನಿಜವಾಗಿಯೂ ಕೇಳುತ್ತಿದ್ದಾರೆ, ಬೇಡ ಎನ್ನಬಹುದು, ಗೊತ್ತಾದ ಮೇಲೆ ಗೊತ್ತಿಲ್ಲದ ಹಾಗೆ ಇರಲು ಬರುವುದಿಲ್ಲ, ಇದೆಲ್ಲ ನನಗೆ ತಿಳಿಯಲಿಲ್ಲ. ಸ್ಕ್ಯಾನಿನಲ್ಲಿ ಅನುಮಾನ ಬಂತು. ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದರು. ಫಲಿತಾಂಶಕ್ಕೆ ಹತ್ತು ದಿನ ಕಾಯಿರಿ ಎಂದರು.

ಆ ಹತ್ತು ದಿನದ ನಡುವೆಯೇ ಮೂರನೇ ಬುಧವಾರ ಬಂತು. ನಾನು ಎಂದಿನಂತೆ ಅಂಚು ಕತ್ತರಿಸುತ್ತಿದ್ದೆ. ಬರುವ ತಿಂಗಳು ಚುನಾವಣೆಗೆ ಅಭ್ಯರ್ಥಿಯನ್ನು ಆರಿಸಬೇಕಿತ್ತು. ಪ್ರಾರ್ಥನೆಯವರ ಮುಖಂಡರು ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಅವರು ಎದ್ದು, ಈ ಪರೀಕ್ಷೆಗಳು ಜರಡಿಯಿದ್ದ ಹಾಗೆ, ಯಾರನ್ನು ಸೋಸಿ ಎಸೆಯುತ್ತಿದ್ದೇವೆಂದು ಜನ ನೋಡಲಿ, ನಮ್ಮ ಕರಪತ್ರದಲ್ಲಿ ಕಾರ್ಯದರ್ಶಿಯವರ ಮಗಳ ಫೋಟೋ ಹಾಕೋಣ ಎಂದರು. ವ್ಯಾಪಾರದವರಲ್ಲಿ ಮನೆ ಮಾರಿಸುವ ಏಜೆಂಟನೊಬ್ಬನಿದ್ದ. ಅವನು, ಪರೀಕ್ಷೆ ಬೇಕೋ ಬೇಡವೋ ತಾಯಂದಿರು ನೋಡಿಕೊಳ್ಳುತ್ತಾರೆ, ಅಲ್ಲದೆ ಇಂಥ ಒಂದೊಂದು ಜೀವಕ್ಕೂ ಬದುಕಿರುವಷ್ಟು ದಿನ ಖರ್ಚು ಮಾಡುವುದು ತೆರಿಗೆ ಕಟ್ಟುವವರಲ್ಲವೇ ಎಂದ. ಆಗ ಆ 'ಇಂಥ ಜೀವ' ಅವನ ಮುಂದೆಯೇ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ನಿಂತಿತ್ತು.

ನನ್ನ ಕೈಯ ಚಾಕು ನಿಂತುಹೋಯಿತು.

ಆಂಟಿ ಕೂತಲ್ಲಿಂದ ಏಳಲಿಲ್ಲ. ಇಂಗ್ಲಿಷಿನಲ್ಲಿ, ಅಂಗಡಿಯಲ್ಲಿ ಚಿಲ್ಲರೆ ಕೊಡುವ ದನಿಯಲ್ಲಿ ಹೇಳಿದರು: "ನನ್ನ ಮಗಳು ನಿಮ್ಮ ಪೋಸ್ಟರಲ್ಲ. ನಿಮ್ಮ ಬಿಲ್ಲೂ ಅಲ್ಲ. ಅವಳು ಈ ಶಾಖೆಯ ಸದಸ್ಯೆ, ಎಂಟು ವರ್ಷದಿಂದ. ರಿಜಿಸ್ಟರಿನಲ್ಲಿ ಹೆಸರಿದೆ. ನಿಮ್ಮಿಬ್ಬರ ಹಾಗೇ ಅವಳಿಗೂ ಒಂದು ವೋಟಿದೆ. ಅವಳ ವಿಷಯ ಮಾತಾಡುವ ಮುಂಚೆ ಅವಳನ್ನು ಕೇಳಿ."

ಹೆಡ್‌ಮಾಸ್ಟರು ಅವಳ ಕಡೆ ತಿರುಗಿ ಅವಳನ್ನೇ ಕೇಳಿದರು. ಅವಳು ಯೋಚಿಸಿ, "ನೋ ಫೋಟೋ. ಮೈ ಹೇರ್ ಈಸ್ ಬ್ಯಾಡ್," ಎಂದಳು. ಆಮೇಲೆ ಏಜೆಂಟನ ಕಡೆ ತಟ್ಟೆ ಚಾಚಿ, "ಒನ್ ಮೋರ್?" ಎಂದಳು. ಅವನು ಬೇಡವೆಂದ. ಅವಳು ಮತ್ತೂ ಎರಡು ಸಲ ಕೇಳಿದಳು. ಅವನು ಕೆಂಪಗಾಗಿ ಒಂದನ್ನು ತೆಗೆದುಕೊಂಡ.

ಮುಂದಿನ ವಾರ ಫಲಿತಾಂಶ ಬಂತು. ಡೌನ್ ಸಿಂಡ್ರೋಮ್. ಏನು ಮಾಡಬೇಕೆಂದು ಮಿಡ್‌ವೈಫನ್ನು ಕೇಳಿದೆ. ಅದು ನಿಮ್ಮ ಆಯ್ಕೆ, ಯಾವ ಕಡೆಗಾದರೂ ನಾನು ಜೊತೆಗಿರುತ್ತೇನೆ ಎಂದಳು. ಯಜಮಾನರಿಗೆ ಫೋನು ಮಾಡಿದೆ. "ನೀನು ಹೇಗಂತೀಯೋ ಹಾಗೆ," ಎಂದರು. ಎರಡೂ ಒಳ್ಳೆಯ ಮಾತೇ. ಎರಡನ್ನೂ ಕೇಳಿದ ಮೇಲೆ ಮನೆಯಲ್ಲಿ ನಾನೊಬ್ಬಳೇ ಇದ್ದೆ. ತೊಗರಿಬೇಳೆ ಆರಿಸಲು ಕೂತೆ. ಪ್ಯಾಕೆಟ್ಟಿನ ಬೇಳೆಯಲ್ಲಿ ಕಲ್ಲಿರುವುದಿಲ್ಲ. ಆದರೂ ಎರಡು ಸಲ ಆರಿಸಿದೆ.

ಆಂಟಿಗೆ ಹೇಳುವುದು ಹೇಗೆ? ಆ ಮಗಳ ತಾಯಿಯ ಮುಂದೆ ಈ ಮಾತನ್ನು ಯಾವ ಬಾಯಲ್ಲಿ ಆಡುವುದು? ಅವರೇ ಬಂದರು. "ಮೂರು ವಾರದಿಂದ ಕಾಫಿ ಮುಟ್ಟಿಲ್ಲ ನೀನು. ಎಷ್ಟು ತಿಂಗಳು?" ಎಂದರು. ನಾನು ಎಲ್ಲ ಹೇಳಿಬಿಟ್ಟೆ. ಅವರು ಅಡುಗೆಮನೆಯ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಆಂಟಿ, ನೀವು ಬೇಡ ಅಂದ್ರೆ ನಾನು ತೆಗೆಸಲ್ಲ. ನೀವು ಹೇಳಿ."

"ನಾನು ಹೇಳಲ್ಲ."

"ನಿಮಗೆ ಗೊತ್ತಲ್ಲ ಆಂಟಿ, ನೀವು ಸಾಕಿದೀರ..."

"ಹುಟ್ಟಿದ ಮೇಲೆ ಸಾಕಿದೀನಿ. ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಹೇಳಿದ್ರೆ ಏನು ಮಾಡ್ತಿದ್ದೆ ಅಂತ ನನಗೆ ಗೊತ್ತಿಲ್ಲ ಕಣೆ. ಇವತ್ತು ಅವಳ ಮುಖ ನೋಡ್ಕೊಂಡು, ಉಳಿಸ್ಕೊಳ್ತಿದ್ದೆ ಅನ್ನೋದು ಸುಲಭ. ಚರ್ಚಿನವರು ತಪ್ಪು ಅಂತಾರೆ, ನಾನೂ ತಪ್ಪು ಅಂತಲೇ ನಂಬಿರೋಳು. ಅದು ನನ್ನ ನಂಬಿಕೆ. ಅದನ್ನ ತಂದು ನಿನ್ನ ಹೊಟ್ಟೆ ಮೇಲಿಡಕ್ಕೆ ನನ್ನ ಕೈ ಬರಲ್ಲ."

ನಾನು ಅಳುತ್ತ ಒಂದು ಮಾತು ಕೇಳಿದೆ. "ನಮ್ಮಿಬ್ಬರ ಕಾಲ ಆದ್ಮೇಲೆ ಆ ಮಗೂನ ಯಾರು ನೋಡ್ಕೋತಾರೆ ಆಂಟಿ? ಈ ದೇಶದಲ್ಲಿ ನಮಗೆ ಯಾರಿದಾರೆ?"

ಆಂಟಿ ಎದ್ದರು. ನನ್ನ ಸಿಂಕಿನಲ್ಲಿದ್ದ ಒಂದೇ ಒಂದು ಲೋಟವನ್ನು ಬಹಳ ಹೊತ್ತು ತೊಳೆದರು. ಅವರಿಗಾಗ ಅರವತ್ತೆಂಟು. ಯಾರ ಪ್ರಶ್ನೆಯನ್ನು ಯಾರ ಮುಂದೆ ಎತ್ತಿದೆನೆಂದು ನನಗೆ ಹೊಳೆದದ್ದು ಅವರು ಮನೆಗೆ ಹೋದ ಮೇಲೆ. ಲೋಟ ಬೋರಲು ಹಾಕಿ, ಸೆರಗಿಲ್ಲದ ಫ್ರಾಕಿಗೇ ಕೈ ಒರೆಸಿಕೊಂಡು ಅವರು ಕೇಳಿದ್ದು ಇಷ್ಟೇ:

"ಯಾವ ಕಡೆ ಹೋದ್ರೂ ಸರಿ. ನಿನ್ನ ಜೊತೆ ಯಾರು ಬರ್ತಾರೆ?"

ಯಜಮಾನರು ರಜೆ ಹಾಕಿ ಬರಲೇ ಎಂದು ಕೇಳಿದ್ದರು. ನಾನು ಬೇಡ ಎಂದಿದ್ದೆ. ಇನ್ನೊಮ್ಮೆ ಕೇಳುತ್ತಾರೆಂದು ಕಾದಿದ್ದೆ. ಅವರು ಕೇಳಲಿಲ್ಲ. ಅವರನ್ನು ದೂರುವುದಿಲ್ಲ, ಅವರಿಗೂ ಹೆದರಿಕೆಯಿತ್ತು.

"ನಾನು ಬರ್ಲಾ?" ಎಂದರು ಆಂಟಿ.

"ಬೇಡ ಆಂಟಿ, ನೀವು ಅಂಥ ಕಡೆ..."

"ಬರ್ಲಾ?"

"ನಿಮ್ಮ ಚರ್ಚಿನೋರು..."

"ಬರ್ಲೋ ಬೇಡ್ವೋ?"

ತೆಗೆಸುವುದೆಂದು ನಾನು ಹೇಳಿದ ಮೇಲೆ ಇಲ್ಲಿನ ಕಾನೂನಿನಂತೆ ಇಬ್ಬರು ಡಾಕ್ಟರು ಸಹಿ ಹಾಕಿದರು. ಆಸ್ಪತ್ರೆ ಕೊಟ್ಟ ದಿನ ಬುಧವಾರ. ಸಂಜೆ ಏಳಕ್ಕೆ ಸಮುದಾಯ ಭವನದಲ್ಲಿ ಅಭ್ಯರ್ಥಿಯ ಆಯ್ಕೆಯಿದೆ, ರಿಜಿಸ್ಟರು ಹಿಡಿಯಬೇಕಾದವರು ಇವರೇ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಮಗನನ್ನು ಅವನ ಸ್ನೇಹಿತನ ಮನೆಗೆ ಕಳಿಸಿ ಬೆಳಿಗ್ಗೆಯೇ ಹೋದೆವು. ಔಷಧಿ ಕೊಟ್ಟು ನೋವು ಬರಿಸಿದರು. ಆಂಟಿ ಇಡೀ ದಿನ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಎಡಗೈ ನನ್ನ ಕೈಯಲ್ಲಿ. ಬಲಗೈ ತೊಡೆಯ ಮೇಲಿದ್ದ ಕೈಚೀಲದೊಳಗೆ. ಒಳಗೆ ಜಪಸರವಿತ್ತು. ತುಟಿ ಅಲ್ಲಾಡಲಿಲ್ಲ, ಮಣಿಯ ಸದ್ದು ಹೊರಗೆ ಬರಲಿಲ್ಲ. ಚೀಲದ ಚರ್ಮ ಮಾತ್ರ ಅಷ್ಟಷ್ಟು ಹೊತ್ತಿಗೆ ಒಂದಿಷ್ಟು ಮಿಸುಕುತ್ತಿತ್ತು.

ಎಲ್ಲ ಮುಗಿದಾಗ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಮಗುವನ್ನು ನೋಡುತ್ತೀರಾ ಎಂದು ನರ್ಸು ಕೇಳಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಆಂಟಿ ಬಗ್ಗಿ ಕನ್ನಡದಲ್ಲಿ ಕೇಳಿದರು, "ನೋಡ್ತೀಯಾ?" ಇಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ನೋಡ್ತೀಯಾ?" ಇಲ್ಲ. ಮೂರನೆಯ ಸಲವೂ ಇಲ್ಲವೆಂದೆ. ಅವರು ಕೈಚೀಲವನ್ನು ಕುರ್ಚಿಯ ಮೇಲೆ ಬಿಟ್ಟು ನರ್ಸಿನ ಹಿಂದೆ ಪಕ್ಕದ ಕೋಣೆಗೆ ಹೋದರು. ಇಪ್ಪತ್ತು ನಿಮಿಷ ಆಯಿತು. ಗೋಡೆಯ ಗಡಿಯಾರ ನೋಡುತ್ತಿದ್ದೆ. ಬಂದವರು ನನ್ನ ಕೂದಲು ಹಿಂದಕ್ಕೆ ಸರಿಸಿ ಹೇಳಿದರು:

"ನಿನ್ನ ಪರವಾಗಿ ನಾನು ನೋಡಿ ಬಂದಿದೀನಿ. ಎತ್ಕೊಂಡೂ ಇದ್ದೆ. ಯಾವತ್ತಾದ್ರೂ ಕೇಳಬೇಕು ಅನ್ನಿಸಿದ್ರೆ ಕೇಳು, ಹೇಳ್ತೀನಿ. ಅಲ್ಲೀ ತನಕ ನನ್ನ ಹತ್ರ ಇರಲಿ."

ಹೆಡ್‌ಮಾಸ್ಟರ ಹೆಂಡತಿ ಅದೇ ಆಸ್ಪತ್ರೆಯಲ್ಲಿ ರೋಗಿಗಳಿಗೆ ಹೂವು ಹಂಚುವ ಸೇವೆ ಮಾಡುತ್ತಿದ್ದರು. ಆ ವಾರ್ಡಿನ ಬಾಗಿಲಲ್ಲಿ ಆಂಟಿಯನ್ನು ಕಂಡರು. ಸಂಜೆಯ ಸಭೆಗೆ ಕಾರ್ಯದರ್ಶಿ ಬರಲಿಲ್ಲ. ರಿಜಿಸ್ಟರನ್ನು ಮಗಳೇ ಬಸ್ಸಿನಲ್ಲಿ ಒಯ್ದು ಕೊಟ್ಟು, ತನ್ನ ವೋಟು ಹಾಕಿ ಬಂದಳು. ಯಾರಿಗೆ ಹಾಕಿದೆ ಎಂದು ನಾನು ಆಮೇಲೆ ಕೇಳಿದ್ದಕ್ಕೆ, "ಅಕ್ಕ! ಸೀಕ್ರೆಟ್ ಬ್ಯಾಲಟ್!" ಎಂದು ಗದರಿದಳು.

ಮುಂದಿನ ಸಭೆಯಲ್ಲಿ ಹೆಡ್‌ಮಾಸ್ಟರು ಎಲ್ಲರೆದುರು ಕೇಳಿದರಂತೆ, ಆ ವಾರ್ಡಿನಲ್ಲಿ ನಿಮಗೇನು ಕೆಲಸವಿತ್ತು ಎಂದು. ಸ್ನೇಹಿತೆಯೊಬ್ಬರ ಜೊತೆ ಹೋಗಿದ್ದೆ ಎಂದರು ಆಂಟಿ. ಯಾರು ಎಂದರೆ ಹೇಳಲಿಲ್ಲ. ಪ್ರಾರ್ಥನೆಯವರು ರಾಜೀನಾಮೆ ಕೇಳಿದರು. ವ್ಯಾಪಾರದವರು ಎದ್ದು ನಿಂತು ಚಪ್ಪಾಳೆ ತಟ್ಟಿ, ಇವರೇ ನಮ್ಮ ಧೈರ್ಯವಂತೆ, ಚುನಾವಣೆಯಲ್ಲಿ ನಮ್ಮ ಪರವಾಗಿ ಮಾತಾಡಲಿ ಎಂದರು. ಆಂಟಿ ರಿಜಿಸ್ಟರನ್ನು ಮೇಜಿನ ಮೇಲಿಟ್ಟು ಎಲ್ಲರನ್ನೂ ಮನೆಗೆ ಕಳಿಸಿದರು. "ಬೈಸ್ಕೊಳ್ಳೋದು ತಡ್ಕೋಬಹುದು ಕಣೆ. ಆ ಚಪ್ಪಾಳೆ ನೋಡು, ಅದು ಚುಚ್ತು," ಎಂದರು ನನಗೆ, ಬಟ್ಟೆ ಹರವುತ್ತ. ಚರ್ಚಿನಲ್ಲೂ ಅವರ ಬೆಂಚಿನಲ್ಲಿ ಜಾಗ ಖಾಲಿ ಉಳಿಯತೊಡಗಿತು.

ನಾನು ಎದ್ದು ಹೋಗಿ, ಆ ಸ್ನೇಹಿತೆ ನಾನೇ ಎನ್ನಬಹುದಿತ್ತು. ಹೆಡ್‌ಮಾಸ್ಟರ ಮನೆ ಎರಡು ಬೀದಿಯಾಚೆ. ಎನ್ನಲಿಲ್ಲ. ನಮ್ಮವರಲ್ಲಿ ಸುದ್ದಿಯಾದರೆ ಎಂದು ಹೆದರಿದೆ. ಅದೇ ತಿಂಗಳು ಬಾಟನಿ ಡೌನ್ಸ್ ಬಡಾವಣೆಯಲ್ಲಿ ಒಬ್ಬರ ಸೀಮಂತಕ್ಕೆ ಹೋಗಿ ಆರತಿ ಎತ್ತಿ ಹಾಡು ಹೇಳಿ ಬಂದೆ, ಏನೂ ಆಗದವಳ ಹಾಗೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಇವತ್ತಿಗೂ ನನ್ನೊಳಗೆ ಎರಡು ಮಾತಿದೆ. ಆಂಟಿಯ ವಿಷಯದಲ್ಲಿ ಮಾತ್ರ ಒಂದೇ: ನಾನು ಬಾಯಿ ಮುಚ್ಚಿಕೊಂಡಿದ್ದೆ.

ಆ ಮೇಲೆ ಮೂರನೇ ಬುಧವಾರಗಳಂದು ಅವರ ಮನೆಮುಂದೆ ಕಾರು ನಿಲ್ಲಲಿಲ್ಲ. ಕೈ ಅಭ್ಯಾಸ ಬಿಡಬೇಕಲ್ಲ, ಒಂದು ಬ್ರೆಡ್ಡಿನಷ್ಟು ಚಟ್ನಿ ಸ್ಯಾಂಡ್‌ವಿಚ್ ಮಾಡಿ ಬೇಲಿಯ ಮೇಲಿಂದ ಕೊಡುತ್ತಿದ್ದರು. ನಾನು, ನನ್ನ ಮಗ ಎರಡು ದಿನ ತಿನ್ನುತ್ತಿದ್ದೆವು.

ವರ್ಷ ತುಂಬಿದ ದಿನ ಬೇಲಿಯ ಹತ್ತಿರ ನಿಂತು ಮೆಲ್ಲಗೆ, "ಕೇಳ್ತೀಯಾ?" ಎಂದರು. ಏನೆಂದು ಇಬ್ಬರಿಗೂ ಗೊತ್ತಿತ್ತು. ಬೇಡ ಆಂಟಿ ಎಂದೆ. ಅದಾದ ಮೂರು ವರ್ಷಕ್ಕೆ ಅವರಿಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸಿನಲ್ಲಿ ಒಂದು ಮಧ್ಯಾಹ್ನ ಕಾಲು ಒತ್ತುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ, "ಕೇಳ್ತೀಯಾ?" ಎಂದರು. ಅವತ್ತು ಕೇಳಬೇಕೆಂದೇ ಹೋಗಿದ್ದೆ. ಬಾಯಿ ತೆರೆದರೆ ಬಂದದ್ದು, "ಈಗ ಸುಸ್ತಾಗಿದೀರಿ, ಇನ್ನೊಂದು ದಿನ ಆಂಟಿ." ಅಭ್ಯಾಸ. ಇನ್ನೊಂದು ಸಲ ಕೇಳುತ್ತಾರಲ್ಲ ಎಂಬ ಧೈರ್ಯ. ಅವರು ಸರಿ ಎಂದು ತಲೆಯಾಡಿಸಿ, ಕೈಚೀಲವನ್ನು ನನ್ನ ಕಡೆ ತಳ್ಳಿದರು. "ಇದು ನಿನ್ನ ಹತ್ರ ಇರಲಿ. ಸರ ಪುಟ್ಟಿಗೆ ಕೊಡು." ಮಗಳನ್ನು ಅವರು ಪುಟ್ಟಿ ಎನ್ನುತ್ತಿದ್ದರು. ಅವಳನ್ನು ನೋಡಿಕೋ ಎಂದು ಹೇಳಲಿಲ್ಲ. ಒಂದು ಸಲವೂ ಹೇಳಲಿಲ್ಲ.

ಎರಡು ದಿನಕ್ಕೆ ತೀರಿಕೊಂಡರು. ಮೂರನೆಯ ಸಲ ಕೇಳುವವರು ಇರಲಿಲ್ಲ. ಹೆಣ್ಣೋ ಗಂಡೋ ಎಂಬುದೂ ನನಗೆ ಗೊತ್ತಿಲ್ಲ.

ಮಗಳು ಈಗ ಇಲ್ಲೇ ಹತ್ತಿರದ ಮನುಕಾವಿನ ಒಂದು ಮನೆಯಲ್ಲಿ ತನ್ನಂಥ ಇನ್ನೂ ಮೂವರ ಜೊತೆ ಇದ್ದಾಳೆ, ನೋಡಿಕೊಳ್ಳಲು ಒಬ್ಬರಿದ್ದಾರೆ. ಶನಿವಾರ ನಮ್ಮಲ್ಲಿಗೆ ಕಳಿಸಿ ಎಂದು ಆ ಮನೆ ನಡೆಸುವ ಕಚೇರಿಯವರನ್ನು ಕೇಳಿದಾಗ, ನೀವು ಸಂಬಂಧಿಕರಲ್ಲವಲ್ಲ ಎಂದರು. ಮತ್ತೆ ಹೋಗಿ ಕೇಳಿದೆ. ಮೂರನೆಯ ಸಲ ಫಾರಂ ಕೊಟ್ಟರು. ಸಂಬಂಧ ಎಂಬ ಕಡೆ ಏನು ಬರೆಯುವುದೆಂದು ಯೋಚಿಸಿ, ಪಕ್ಕದ ಮನೆ ಎಂದು ಬರೆದೆ. ಹೆಡ್‌ಮಾಸ್ಟರ ಮನೆಗೂ ಹೋದೆ, ಚರ್ಚಿನಲ್ಲಿ ಆಂಟಿಯ ತಿಂಗಳ ಪೂಜೆ ಮುಗಿದ ಮೇಲೆ. ಆ ದಿನ ಅವರ ಜೊತೆಗಿದ್ದವಳು ನಾನು ಎಂದೆ. ಅವರು ಬಾಗಿಲಲ್ಲೇ ನಿಂತು, ಟೀ ಕುಡಿಯುತ್ತೀರಾ ಎಂದರು. ಬೇಡವೆಂದೆ. ಮತ್ತೆ ಕೇಳಲಿಲ್ಲ.

ಇವತ್ತು ಐದು ಗಂಟೆಗೆ ಅವಳು ಬಂದಳು. ಬಂದವಳೇ ಕಾಗದದ ಕರವಸ್ತ್ರದ ಕಟ್ಟು ತೆಗೆದು ಚಮಚ ಸುತ್ತಲು ಕೂತಳು. ಕೈಯಲ್ಲಿ ಉಣ್ಣುವ ಮನೆಯಿದು ಎಂದು ಎಷ್ಟು ಹೇಳಿದರೂ ಐದು ಸುರುಳಿ ಮಾಡುತ್ತಾಳೆ. ನಾನು, ನಮ್ಮ ಯಜಮಾನರು, ಮಗ, ತಾನು, ತನ್ನಮ್ಮ. ಈಗ ಯಜಮಾನರಿಗೆ ಇಲ್ಲೇ ಕೆಲಸ. ಅವರೂ ಮೇಜಿಗೆ ಬಂದು ಕೂತರು. ಅನ್ನ, ಹುರುಳಿಕಾಯಿ ಹುಳಿ, ಹಪ್ಪಳ, ಅವಳಿಗಾಗಿ ಚಟ್ನಿ ಸ್ಯಾಂಡ್‌ವಿಚ್. ಅವಳು ಮೂರು ತಿಂದಳು. ತಟ್ಟೆಯನ್ನು ನನ್ನ ಕಡೆ ಚಾಚಿ, "ಅಕ್ಕ, ಒನ್ ಮೋರ್?" ಎಂದಳು. ಹೊಟ್ಟೆ ತುಂಬಿತ್ತು. ಮೊದಲ ಸಲಕ್ಕೇ ತೆಗೆದುಕೊಂಡೆ. ಅವಳಿಗೆ ಅದು ಸರಿಬರಲಿಲ್ಲ, ತಟ್ಟೆ ಹಿಡಿದೇ ಇದ್ದಳು. ಇನ್ನೆರಡು ಸಲ ಕೇಳಿದ ಮೇಲೆ ಕೆಳಗಿಟ್ಟಳು.

ಜಪಸರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎಂಟೂವರೆಗೆಲ್ಲ ಅವಳು ಮಲಗಿದಳು, ಎಲ್ಲರಿಗಿಂತ ಮೊದಲು.